ಎಲ್ಲಾ ಎಂಸಿಬಿ ಇಳಿಸಿದರೂ ಟ್ರಿಪ್ ಆಗುವುದು ಯಾಕೆ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ, ತೋಟದ ನಡುವೆ ಇರುವ ಹೆಂಚಿನ ಮನೆ. ಹದಿನೈದು ವರ್ಷದ ಹಿಂದೆ ಹೊಸದಾಗಿ ವೈರಿಂಗ್ ಮಾಡಿಸಿದ್ದೆವು. ಈ ಸಲ ಜೂನ್ ಮಳೆ ಹಿಡಿದಾಗಿನಿಂದ ಡಿಬಿ ಬಾಕ್ಸಿನಲ್ಲಿ (ಮನೆಗೆ ಕರೆಂಟ್ ಹಂಚುವ ಪೆಟ್ಟಿಗೆ) ಇರುವ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಇಎಲ್‌ಸಿಬಿ ಬೀಳುತ್ತಿದೆ. ಮೊದಲು ಎರಡು ಮೂರು ದಿನಕ್ಕೊಮ್ಮೆ, ಈಗ ದಿನಕ್ಕೆ ನಾಲ್ಕೈದು ಸಲ. ಮಿಕ್ಸಿ ಹಾಕಿದರೆ ಬೀಳುತ್ತದೆ, ಗೀಸರ್ ಹಾಕಿದರಂತೂ ಖಂಡಿತ. ಕೆಲವು ಸಲ ಸಂಜೆ ಏಳು ಗಂಟೆ ಹೊತ್ತಿಗೆ ಏನೂ ಹಾಕದೆಯೂ ಬೀಳುತ್ತದೆ. ಒಂದು ರಾತ್ರಿ ಬೇಜಾರಾಗಿ ಎಲ್ಲಾ ಎಂಸಿಬಿ (ಒಂದೊಂದು ಲೈನಿಗೂ ಇರುವ ಸಣ್ಣ ಸ್ವಿಚ್) ಇಳಿಸಿ ಮಲಗಿದೆವು, ಬೆಳಗ್ಗೆ ನೋಡಿದರೆ ಇಎಲ್‌ಸಿಬಿ ಬಿದ್ದಿತ್ತು! ಎಲೆಕ್ಟ್ರಿಷಿಯನ್ ಮಿಕ್ಸಿ ನೋಡಿದರು, ಗೀಸರ್ ಕಾಯಿಲ್ ಬದಲಾಯಿಸಿದರು, ಕೊನೆಗೆ ಇಎಲ್‌ಸಿಬಿಯನ್ನೇ ಹೊಸದು ಹಾಕಿದರು. ಆದರೂ ಅದೇ ಕಥೆ. ಈಗ ಅದನ್ನು ತೆಗೆದು ಡೈರೆಕ್ಟ್ ಕೊಡೋಣ ಅನ್ನುತ್ತಿದ್ದಾರೆ. ಕೈಲ್ ಮುಹೂರ್ತ ಹಬ್ಬಕ್ಕೆ ಮನೆ ತುಂಬಾ ನೆಂಟರು ಬರುತ್ತಾರೆ. ಡೈರೆಕ್ಟ್ ಮಾಡಿಸಬಹುದಾ?

ಉತ್ತರ: ಬೇಡ. ಯಾಕೆ ಬೇಡ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಪ್ರಶ್ನೆಯಲ್ಲೇ ಇರುವ ಒಂದು ಸಾಲಿಗೆ ಬರೋಣ. ಎಲ್ಲಾ ಎಂಸಿಬಿ ಇಳಿಸಿದ್ದರೂ ರಾತ್ರಿ ಬಿತ್ತು ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ನಿಮ್ಮ ಮಿಕ್ಸಿಯದ್ದೂ ತಪ್ಪಿಲ್ಲ, ಗೀಸರಿನದ್ದೂ ತಪ್ಪಿಲ್ಲ. ಮನೆಯ ಯಾವುದೋ ಒಂದು ಪ್ಲಗ್ ಪಾಯಿಂಟ್ ಲೈನಿನಲ್ಲಿ ನ್ಯೂಟ್ರಲ್ ವೈರ್ (ಕರೆಂಟ್ ವಾಪಸ್ ಹೋಗುವ ವೈರ್) ಅರ್ಥ್ ವೈರಿಗೆ (ನೆಲಕ್ಕೆ ಇಳಿಯುವ ವೈರ್) ತಾಗುತ್ತಿದೆ. ಬಹುಶಃ ನೀರಿನ ಮೂಲಕ.

ನೀವು ಇಎಲ್‌ಸಿಬಿ ಅನ್ನುವುದು ಈಗಿನ ಹೆಸರಲ್ಲಿ ಆರ್‌ಸಿಸಿಬಿ. ಹಳೆ ಇಎಲ್‌ಸಿಬಿ ಬೇರೆಯೇ ಸಾಮಾನು, ಆದರೆ ನಮ್ಮ ಕಡೆ ಅಂಗಡಿಯವರಿಂದ ಹಿಡಿದು ಎಲ್ಲರೂ ಹಳೆ ಹೆಸರನ್ನೇ ಹೇಳುತ್ತಾರೆ. ಇರಲಿ. ಅದರ ಕೆಲಸ ತೋಟದ ರೈಟರ್ ಕೆಲಸದ ಹಾಗೆ. ಬೆಳಗ್ಗೆ ಗೇಟಿನೊಳಗೆ ಎಷ್ಟು ಜನ ಹೋದರು, ಸಂಜೆ ಎಷ್ಟು ಜನ ವಾಪಸ್ ಬಂದರು ಅಂತ ಎಣಿಸುತ್ತಾನಲ್ಲ, ಹಾಗೆ ಫೇಸ್‌ನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಇದು ನೋಡುತ್ತದೆ. ಲೆಕ್ಕದಲ್ಲಿ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಬೀಳಲೇಬೇಕು. ನಿಜದಲ್ಲಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಯಾವ ದಾರಿಯಲ್ಲಿ ತಪ್ಪಿಸಿಕೊಂಡರು ಅಂತ ರೈಟರ್ ಕೇಳುವುದಿಲ್ಲ. ಲೆಕ್ಕ ಸರಿಹೋಗಲಿಲ್ಲ ಅಂದರೆ ಗೇಟ್ ಹಾಕುತ್ತಾನೆ, ಅಷ್ಟೇ.

ಈಗ ಎಂಸಿಬಿ ವಿಷಯ. ನಮ್ಮ ಮನೆಗಳ ಡಿಬಿಯಲ್ಲಿ ಸಾಲಾಗಿ ಕೂತಿರುವ ಸಣ್ಣ ಎಂಸಿಬಿಗಳು ಸಾಮಾನ್ಯವಾಗಿ ಸಿಂಗಲ್ ಪೋಲ್. ಅವು ಕತ್ತರಿಸುವುದು ಫೇಸನ್ನು ಮಾತ್ರ. ನ್ಯೂಟ್ರಲ್‌ಗಳೆಲ್ಲಾ ಕೆಳಗೆ ಒಂದು ಹಿತ್ತಾಳೆ ಪಟ್ಟಿಯಲ್ಲಿ, ಅಂದರೆ ನ್ಯೂಟ್ರಲ್ ಲಿಂಕ್‌ನಲ್ಲಿ, ಒಟ್ಟಿಗೆ ಸೇರಿರುತ್ತವೆ. ನೀವು ಎಂಟು ಎಂಸಿಬಿ ಇಳಿಸಿದರೂ ಎಂಟು ಲೈನಿನ ನ್ಯೂಟ್ರಲ್ ವೈರ್ ಆರ್‌ಸಿಸಿಬಿಗೆ ಅಂಟಿಕೊಂಡೇ ಇರುತ್ತದೆ. ಫೇಸ್ ಅರ್ಥ್‌ಗೆ ತಾಗಿದ್ದರೆ ಆ ಲೈನಿನ ಎಂಸಿಬಿ ಇಳಿಸಿದ ಕೂಡಲೇ ತೊಂದರೆ ನಿಲ್ಲುತ್ತದೆ, ಹತ್ತು ನಿಮಿಷದಲ್ಲಿ ಕಳ್ಳ ಸಿಗುತ್ತಾನೆ. ನ್ಯೂಟ್ರಲ್ ತಾಗಿದ್ದರೆ ಎಂಸಿಬಿ ಇಳಿಸಿ ಏರಿಸಿ ಏನೂ ಗೊತ್ತಾಗುವುದಿಲ್ಲ. ಎಷ್ಟೋ ಎಲೆಕ್ಟ್ರಿಷಿಯನ್‌ಗಳು ಸೋಲುವುದು ಇಲ್ಲೇ. ನಾನೂ ಸೋತಿದ್ದೇನೆ. ಕೆಲಸ ಕಲಿತ ಹೊಸದರಲ್ಲಿ ಒಂದು ಮನೆಯ ಫ್ರಿಜ್ಜನ್ನು ಸುಮ್ನೆ ಎರಡು ಸಲ ರಿಪೇರಿಗೆ ಕಳಿಸಿದ್ದೆ. ಫ್ರಿಜ್ ಚೆನ್ನಾಗಿಯೇ ಇತ್ತು.

ನ್ಯೂಟ್ರಲ್‌ನಲ್ಲಿ ಕರೆಂಟೇ ಇಲ್ಲವಲ್ಲ, ಅರ್ಥ್‌ಗೆ ತಾಗಿದರೆ ಏನಾಯಿತು ಅಂತ ನೀವು ಕೇಳಬಹುದು. ಟೆಸ್ಟರ್ ಇಟ್ಟರೆ ಉರಿಯುವುದಿಲ್ಲ ನಿಜ. ಆದರೆ ನ್ಯೂಟ್ರಲ್ ಪೂರ್ತಿ ಸೊನ್ನೆ ವೋಲ್ಟ್ ಇರುವುದಿಲ್ಲ. ನಮ್ಮ ಕಡೆ ಒಂದೊಂದು ಮನೆ ಒಂದೊಂದು ತೋಟದ ಮೂಲೆಯಲ್ಲಿ. ಟ್ರಾನ್ಸ್‌ಫಾರ್ಮರ್ ಎಲ್ಲೋ, ಮನೆ ಎಲ್ಲೋ. ಅಷ್ಟು ಉದ್ದದ ನ್ಯೂಟ್ರಲ್ ವೈರಿಗೆ, ಜಾಯಿಂಟ್ ಎಲ್ಲಾ ಸೇರಿ, ಒಂದು ಓಮ್ ತಡೆ ಇದೆ ಅಂದುಕೊಳ್ಳಿ. 700 ವ್ಯಾಟ್ ಮಿಕ್ಸಿ ಸುಮಾರು 3 ಆಂಪಿಯರ್ ಎಳೆಯುತ್ತದೆ. ಆಗ ನಿಮ್ಮ ಮನೆಯ ನ್ಯೂಟ್ರಲ್ ನೆಲಕ್ಕಿಂತ 3 ವೋಲ್ಟ್ ಮೇಲೇಳುತ್ತದೆ. ನ್ಯೂಟ್ರಲ್‌ನಿಂದ ಅರ್ಥ್ ವೈರ್, ಅಲ್ಲಿಂದ ಅರ್ಥ್ ಗುಂಡಿ, ಅಲ್ಲಿಂದ ನೆಲ, ಈ ಕಳ್ಳದಾರಿಯ ಒಟ್ಟು ತಡೆ 100 ಓಮ್ ಇದ್ದರೆ 3 ವೋಲ್ಟ್‌ಗೆ 30 ಮಿಲಿ ಆಂಪಿಯರ್ ಹರಿಯಿತು. ಟ್ರಿಪ್! 2,000 ವ್ಯಾಟ್ ಗೀಸರ್ ಆದರೆ 8 ಆಂಪಿಯರ್ ಮೇಲೆ, ಹಾಗಾಗಿ ಅದು ಖಂಡಿತ ಬೀಳಿಸುತ್ತದೆ. ಮಿಕ್ಸಿ ಇರುವುದು ಒಂದು ಲೈನಿನಲ್ಲಿ, ಫಾಲ್ಟ್ ಇರುವುದು ಇನ್ನೊಂದು ಲೈನಿನಲ್ಲಿ. ಬೈಗುಳ ಮಾತ್ರ ಮಿಕ್ಸಿಗೆ.

ಸಂಜೆ ಏಳಕ್ಕೆ ಸುಮ್ಮನೆ ಬೀಳುವುದೂ ಇದೇ ಲೆಕ್ಕ. ಆ ಹೊತ್ತಿಗೆ ಅಕ್ಕಪಕ್ಕದ ಮನೆಗಳಲ್ಲೆಲ್ಲಾ ಲೋಡ್ ಜಾಸ್ತಿ, ಅದೇ ಲೈನಿನ ನ್ಯೂಟ್ರಲ್ ನಿಮ್ಮ ಮನೆಯಲ್ಲೂ ಎರಡು ಮೂರು ವೋಲ್ಟ್ ಏರುತ್ತದೆ. ನಿಮ್ಮ ಎಂಸಿಬಿ ಎಲ್ಲಾ ಕೆಳಗಿದ್ದರೂ ಕಂಬದಿಂದ ಬಂದ ನ್ಯೂಟ್ರಲ್ ಆರ್‌ಸಿಸಿಬಿ ದಾಟಿ, ಒದ್ದೆ ಜಾಗದಲ್ಲಿ ಅರ್ಥ್‌ಗೆ ಇಳಿದುಹೋಗುತ್ತದೆ. ಫೇಸ್ ಬಾಗಿಲಲ್ಲಿ ಒಬ್ಬರೂ ಓಡಾಡಿಲ್ಲ, ನ್ಯೂಟ್ರಲ್ ಬಾಗಿಲಲ್ಲಿ ಯಾರೋ ನುಸುಳಿದ್ದಾರೆ. ರೈಟರ್ ಗೇಟ್ ಹಾಕಿದ. ಅದೇ ಆ ರಾತ್ರಿ ಆಗಿದ್ದು.

ಈಗ ಹುಡುಕುವ ಕೆಲಸ. ಇದರಲ್ಲಿ ನೀವು ಮಾಡಬಹುದಾದದ್ದು ಸ್ವಲ್ಪ, ಉಳಿದದ್ದು ಲೈಸೆನ್ಸ್ ಇರುವ ವೈರ್‌ಮನ್ ಮಾಡಬೇಕು.

ನೀವು ಮಾಡಬೇಕಾದದ್ದು ಎಲ್ಲಾ ಪ್ಲಗ್ ಎಳೆಯುವುದು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಬೋರ್ಡಿನ ಸ್ವಿಚ್ಚೂ ಎಂಸಿಬಿ ಹಾಗೆಯೇ ಫೇಸನ್ನಷ್ಟೇ ಕತ್ತರಿಸುವುದು. ಫ್ರಿಜ್, ವಾಷಿಂಗ್ ಮಷಿನ್, ಟಿವಿ, ಸೆಟ್ ಟಾಪ್ ಬಾಕ್ಸ್, ಮೊಬೈಲ್ ಚಾರ್ಜರ್, ಅಟ್ಟದ ಮೇಲೆ ಮರೆತುಹೋಗಿರುವ ಬೂಸ್ಟರ್, ಎಲ್ಲಾ. ಬಾವಿಯ ಪಂಪಿನ ಮೇನ್ ಸ್ವಿಚ್ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವಂಥದ್ದು) ಆಗಿದ್ದರೆ ಅದನ್ನೂ ಇಳಿಸಿ. ಆಮೇಲೆ ಬರೀ ಲೈಟ್, ಫ್ಯಾನ್ ಇಟ್ಟುಕೊಂಡು ಒಂದು ದಿನ ನೋಡಿ. ಸಂಜೆ ಏಳರ ಹೊತ್ತಿಗೂ ಬೀಳದಿದ್ದರೆ ತೊಂದರೆ ಬಹುಶಃ ಯಾವುದೋ ಸಾಮಾನಿನದ್ದು, ಒಂದೊಂದಾಗಿ ವಾಪಸ್ ಚುಚ್ಚುತ್ತಾ ಬನ್ನಿ. ಆಗಲೂ ಬಿದ್ದರೆ ವೈರಿಂಗಿನದ್ದು. ಬಿದ್ದಾಗೆಲ್ಲಾ ಸಮಯ, ಮಳೆ ಇತ್ತಾ, ಏನು ಓಡುತ್ತಿತ್ತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿ ನನ್ನಂಥವನಿಗೆ ಮೀಟರ್‌ಗಿಂತ ಹೆಚ್ಚು.

ವೈರ್‌ಮನ್ ಬಂದ ಮೇಲೆ ಮೊದಲ ಕೆಲಸ ಇನ್ವರ್ಟರ್. ನಿಮ್ಮ ಪ್ರಶ್ನೆಯಲ್ಲಿ ಅದರ ಸುದ್ದಿ ಇಲ್ಲ, ಆದರೆ ಮಳೆಗಾಲದಲ್ಲಿ ಇನ್ವರ್ಟರ್ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಮೇನ್ ಇಳಿಸಿದ ಕೂಡಲೇ ಅದು ಎದ್ದು ಕೂರುತ್ತದೆ, ಮನೆಯ ಅರ್ಧ ವೈರುಗಳಲ್ಲಿ 230 ವೋಲ್ಟ್ ಹಾಗೇ ಇರುತ್ತದೆ. ಕರೆಂಟ್ ಇಲ್ಲ ಅಂತ ಬೋರ್ಡಿಗೆ ಕೈಹಾಕಿ ಹೊಡೆಸಿಕೊಂಡವರನ್ನು ನೋಡಿದ್ದೇನೆ. ಇನ್ವರ್ಟರ್ ಆಫ್ ಮಾಡಿ, ಅದರ ಔಟ್‌ಪುಟ್ ಬಿಡಿಸಿ, ಟೆಸ್ಟರನ್ನು ಮೊದಲು ಉರಿಯುವ ಕಡೆ ಒಮ್ಮೆ ಇಟ್ಟು ಅದು ಸರಿ ಇದೆಯಾ ಅಂತ ನೋಡಿ, ಆಮೇಲೆ ಕೆಲಸ. ಇನ್ವರ್ಟರ್ ಹಾಕಿದ ಮೇಲೆಯೇ ಟ್ರಿಪ್ ಶುರುವಾಗಿದ್ದರೆ ಕಥೆ ಬೇರೆ. ಎರಡು ಲೈನಿನ ನ್ಯೂಟ್ರಲ್ ಕಲಸಿರುತ್ತಾರೆ, ಮಳೆಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮದು ಜೂನ್ ಮಳೆಯ ಜೊತೆಗೆ ಬಂದದ್ದು, ಹಾಗಾಗಿ ಅದನ್ನು ಬಿಡೋಣ.

ಆರ್‌ಸಿಸಿಬಿ ಇಳಿಸಿದರೆ ಫೇಸ್, ನ್ಯೂಟ್ರಲ್ ಎರಡೂ ಕತ್ತರಿಸುತ್ತವೆ. ಎಲ್ಲಾ ಎಂಸಿಬಿ ಕೆಳಗೆ. ಈಗ ನ್ಯೂಟ್ರಲ್ ಲಿಂಕ್‌ನಿಂದ ವೈರುಗಳನ್ನು ಒಂದೊಂದಾಗಿ ಬಿಚ್ಚಿ, ಒಂದೊಂದಕ್ಕೂ ಟೇಪ್ ಸುತ್ತಿ ನಂಬರ್ ಬರೆಯಬೇಕು. ಒಂದೇ ತೂತಿನಲ್ಲಿ ಎರಡು ಮೂರು ವೈರ್ ತುರುಕಿರುತ್ತಾರೆ, ಯಾವ ನ್ಯೂಟ್ರಲ್ ಯಾವ ಎಂಸಿಬಿಯದ್ದು ಅಂತ ಗುರುತು ಇರುವುದಿಲ್ಲ, ಅದಕ್ಕೇ ನಂಬರ್. ಇಲ್ಲಿ ಒಂದು ಎಚ್ಚರಿಕೆ ಇದೆ. ಎಂಸಿಬಿ ಮೇಲಿದ್ದು ಕರೆಂಟ್ ಇರುವಾಗ ಆ ಲೈನಿನ ನ್ಯೂಟ್ರಲ್ ಬಿಚ್ಚಬಾರದು. ಬಲ್ಬಿನ ಮೂಲಕ ಫೇಸ್ ಹಾದುಬಂದು ನಿಮ್ಮ ಕೈಯಲ್ಲಿರುವ ಆ ಕಪ್ಪು ವೈರೇ ಶಾಕ್ ಹೊಡೆಯುತ್ತದೆ.

ಬಿಚ್ಚಿದ ಪ್ರತಿ ನ್ಯೂಟ್ರಲ್‌ಗೂ ಅರ್ಥ್ ಪಟ್ಟಿಗೂ ನಡುವೆ ಅಳೆಯಬೇಕು. ಇದಕ್ಕೆ ಸರಿಯಾದ ಸಾಧನ ಮೆಗ್ಗರ್, ಅಂದರೆ ವೈರಿನ ಇನ್ಸುಲೇಷನ್ ಅಳೆಯುವ ಮೀಟರ್. ಅದು 500 ವೋಲ್ಟ್ ಡಿಸಿ ಕೊಟ್ಟು ಅಳೆಯುತ್ತದೆ. ವೈರಿಂಗಿಗೆ ಕನಿಷ್ಠ 1 ಮೆಗಾಓಮ್ ಇರಬೇಕು ಅನ್ನುವುದು ಲೆಕ್ಕ. ಒಳ್ಳೆಯ ಲೈನ್ ಅದಕ್ಕಿಂತ ಎಷ್ಟೋ ಮೇಲೆ ತೋರಿಸುತ್ತದೆ. ಕಕ್ಕಡದಲ್ಲಿ, ಅಂದರೆ ಜುಲೈ ಆಗಸ್ಟ್ ಮಳೆಯಲ್ಲಿ, ಗೋಡೆ ಬೆವರುವಾಗ ಎಲ್ಲಾ ಲೈನೂ ಸ್ವಲ್ಪ ಕೆಳಗೆ ಬರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಎಂಟರಲ್ಲಿ ಏಳು ಮೇಲಿದ್ದು ಒಂದು ಮಾತ್ರ ಓಮ್, ಕಿಲೋಓಮ್ ಲೆಕ್ಕಕ್ಕೆ ಬಿದ್ದಿದ್ದರೆ ಅದೇ ನಮ್ಮ ಗಿರಾಕಿ. ಮೆಗ್ಗರ್ ಹಾಕುವಾಗ ಆ ಲೈನಿನ ಎಲ್ಇಡಿ ಬಲ್ಬ್, ಫ್ಯಾನ್ ರೆಗ್ಯುಲೇಟರ್ ಸುಡದ ಹಾಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದು ಅರ್ಥ್‌ಗೆ ಅಳೆದರೆ ಒಳ್ಳೆಯದು. ಮೆಗ್ಗರ್ ಇಲ್ಲದಿದ್ದರೆ ನಿಮ್ಮಂಥ ಒದ್ದೆ ಫಾಲ್ಟಿಗೆ ಮಾಮೂಲಿ ಮಲ್ಟಿಮೀಟರೂ ಸಾಕಾಗಬಹುದು. ಒಣಗಿದ ಮೇಲೆ ಅದು ಏನೂ ತೋರಿಸುವುದಿಲ್ಲ.

ಆ ಒಂದು ಲೈನಿನ ನ್ಯೂಟ್ರಲ್ ಬಿಚ್ಚಿಟ್ಟು, ತುದಿಗೆ ಟೇಪ್ ಸುತ್ತಿ, ಅದರ ಎಂಸಿಬಿ ಕೆಳಗಿಟ್ಟು ಉಳಿದ ಮನೆಗೆ ಕರೆಂಟ್ ಕೊಡಬಹುದು. ಫಾಲ್ಟ್ ಸಿಗುವ ತನಕ ಆ ರೂಮಿನ ಪ್ಲಗ್ ಇರುವುದಿಲ್ಲ, ಅಷ್ಟೇ. ನೆಂಟರು ಬಂದರೂ ನಡೆಯುತ್ತದೆ.

ಇನ್ನು ಆ ಲೈನಿನಲ್ಲಿ ಎಲ್ಲಿ? ಏಳೆಂಟು ಪ್ಲಗ್ ಪಾಯಿಂಟ್ ಒಂದರಿಂದ ಒಂದಕ್ಕೆ ಹಾದುಹೋಗಿರುತ್ತವೆ. ಪುಸ್ತಕದ ದಾರಿ ಅಂದರೆ ಮಧ್ಯದ ಬೋರ್ಡ್ ಬಿಚ್ಚಿ, ಬರುವ ನ್ಯೂಟ್ರಲ್, ಹೋಗುವ ನ್ಯೂಟ್ರಲ್ ಬೇರೆ ಮಾಡಿ, ಎರಡೂ ಕಡೆ ಅಳೆಯುವುದು. ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ಎಂಟು ಪಾಯಿಂಟ್ ಇದ್ದರೆ ಮೂರು ಸಲ ಬಿಚ್ಚಿದರೆ ಸಿಗಬೇಕು. ಒಳ್ಳೆ ದಾರಿ, ಆದರೆ ನಾನು ಮೊದಲು ಕಣ್ಣು, ಮೂಗು ಬಳಸುತ್ತೇನೆ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆ, ಮಳೆ ಎರಚುವ ಜಗಲಿ, ಬಚ್ಚಲಿನ ಹಿಂದಿನ ಗೋಡೆ, ಅಂಗಳಕ್ಕೆ ಹೊಂದಿಕೊಂಡಿರುವ ಪ್ಲಗ್. ಬೋರ್ಡಿನ ಸುತ್ತ ಸುಣ್ಣ ಉಬ್ಬಿದೆಯಾ, ಸ್ಕ್ರೂ ತುಕ್ಕು ಹಿಡಿದಿದೆಯಾ, ಇರುವೆ ಸಾಲು ಹೋಗುತ್ತಿದೆಯಾ. ಮಣ್ಣಿನ ಗೂಡು ಕಟ್ಟುವ ಕಣಜ ಇದೆಯಲ್ಲ, ಅದಕ್ಕೆ ನಮ್ಮ ತ್ರೀ ಪಿನ್ ಸಾಕೆಟ್ಟಿನ ಮೇಲಿನ ದೊಡ್ಡ ತೂತು ಅಂದರೆ ಪ್ರಾಣ. ಬೇಸಿಗೆಯಲ್ಲಿ ಆ ಮಣ್ಣು ಒಣಗಿ ಕಲ್ಲಾಗಿರುತ್ತದೆ, ಏನೂ ಮಾಡುವುದಿಲ್ಲ. ಮಳೆಗಾಲದಲ್ಲಿ ನೀರು ಕುಡಿದು ಅದೇ ಒಂದು ವೈರಿನ ಕೆಲಸ ಮಾಡುತ್ತದೆ.

ಆದರೆ ಒದ್ದೆಯಾದ ಗೋಡೆಯಲ್ಲೇ ಫಾಲ್ಟ್ ಇರಬೇಕು ಅಂತ ಇಲ್ಲ. ಕಕ್ಕಬ್ಬೆ ಕಡೆಯ ಒಂದು ಮನೆಯಲ್ಲಿ ನಾನು ಇದನ್ನು ಸರಿಯಾಗಿ ಕಲಿತೆ. ನಿಮ್ಮದೇ ಕಥೆ ಅದು. ಹೊರಗಿನ ಎರಡು ಬೋರ್ಡ್ ಬಿಚ್ಚಿದೆ, ಎರಡೂ ಒಣ. ಮಧ್ಯದಿಂದ ಅರ್ಧ ಮಾಡುತ್ತಾ ಹೋದೆ. ಮೀಟರ್ ಕೈತೋರಿಸಿದ್ದು ಅಡುಗೆಮನೆ ಪಕ್ಕದ ಒಳಕೋಣೆಗೆ. ನಾಲ್ಕೂ ಕಡೆ ಒಳಗೋಡೆ, ಮಳೆಯ ಹನಿ ಬೀಳದ ಜಾಗ. ಮೀಟರೇ ಕೆಟ್ಟಿದೆ ಅಂದುಕೊಂಡೆ. ಬೋರ್ಡಿನ ಕೆಳಗಿನ ಸ್ಕ್ರೂ ಸಡಿಲ ಮಾಡಿದಾಗ ಬೆರಳಿನ ಮೇಲೆ ತಣ್ಣಗೆ ನೀರು ಇಳಿಯಿತು. ಪೆಟ್ಟಿಗೆಯ ತಳದಲ್ಲಿ ಅರ್ಧ ಲೋಟದಷ್ಟು ನಿಂತಿತ್ತು. ನ್ಯೂಟ್ರಲ್ ಸ್ಕ್ರೂವಿನಿಂದ ಅರ್ಥ್ ಸ್ಕ್ರೂವರೆಗೆ ಹಸಿರು ಕಿಲುಬು ಒಂದು ಗೆರೆಯ ಹಾಗೆ ಬೆಳೆದಿತ್ತು, ಅದರ ಮೇಲೆ ನೀರು ಹೊಳೆಯುತ್ತಿತ್ತು.

ನೀರು ಬಂದದ್ದು ಗೋಡೆಯಿಂದ ಅಲ್ಲ, ಪೈಪಿನಿಂದ. ಅಟ್ಟಕ್ಕೆ ಏಣಿ ಹಾಕಿ ಟಾರ್ಚ್ ಬಿಟ್ಟು ನೋಡಿದರೆ ಇಪ್ಪತ್ತು ಅಡಿ ಆಚೆ, ಮನೆಯ ಇನ್ನೊಂದು ಮೂಲೆಯಲ್ಲಿ ಒಂದು ಹೆಂಚು ಸರಿದಿತ್ತು. ಮಂಗಗಳ ಕೆಲಸ. ಆ ಹನಿ ನೇರವಾಗಿ ಕಾಂಡ್ಯೂಟ್ ಪೈಪಿನ ಜಂಕ್ಷನ್ ಬಾಕ್ಸ್ ಮೇಲೆ ಬೀಳುತ್ತಿತ್ತು. ಬಾಕ್ಸಿಗೆ ಮುಚ್ಚಳ ಇರಲಿಲ್ಲ. ಅಲ್ಲಿಂದ ಪೈಪ್ ಇಳಿಜಾರಾಗಿ ಬಂದು ಒಳಕೋಣೆಯ ಬೋರ್ಡಿಗೆ ಇಳಿದಿತ್ತು. ಕೆಲಸದವರು ವೈರ್ ಎಳೆಯಲಿ ಅಂತ ಹಾಕಿದ ಪೈಪ್, ಮಳೆಗಾಲದಲ್ಲಿ ಮೋರಿ ಆಗಿತ್ತು. ಅಂದಿನಿಂದ ಹೆಂಚಿನ ಮನೆಯಲ್ಲಿ ಫಾಲ್ಟ್ ಹುಡುಕಲು ಹೋದರೆ ಮೊದಲು ಅಟ್ಟ ಹತ್ತುತ್ತೇನೆ.

ಬೋರ್ಡ್ ಒರೆಸಿ, ಹೇರ್ ಡ್ರೈಯರ್ ಹಿಡಿದು ಒಣಗಿಸಿ ಹೋದರೆ ಮುಂದಿನ ಮಳೆಗೆ ಮತ್ತೆ ಫೋನ್ ಬರುತ್ತದೆ. ಆ ಮನೆಯಲ್ಲಿ ಹೆಂಚು ಸರಿ ಮಾಡಿಸಿದೆವು, ಜಂಕ್ಷನ್ ಬಾಕ್ಸಿಗೆ ಮುಚ್ಚಳ ಹಾಕಿದೆವು, ಸಾಕೆಟ್ ಹೊಸದು, ಕಿಲುಬು ಹಿಡಿದ ವೈರಿನ ತುದಿ ಕತ್ತರಿಸಿ ಹೊಸ ತುದಿ ಬಿಡಿಸಿದೆವು. ಪೆಟ್ಟಿಗೆಯ ತಳಕ್ಕೆ ಸಣ್ಣ ತೂತು ಹಾಕಿದೆ, ಮತ್ತೆ ನೀರು ಬಂದರೂ ನಿಲ್ಲಬಾರದು. ಹೊರಗೋಡೆಯ ಬೋರ್ಡಿಗೆ ಸಿಲಿಕಾನ್ ಹಚ್ಚುವವರು ನಾಲ್ಕೂ ಕಡೆ ಹಚ್ಚುತ್ತಾರೆ. ಮೇಲೆ ಮತ್ತು ಎರಡು ಪಕ್ಕ ಸಾಕು, ಕೆಳಗೆ ಬಿಡಿ. ಪೈಪಿನ ಒಳಗೆಲ್ಲೋ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ, ಇಲಿ ಕಡಿದಿದ್ದರೆ ಆ ತುಂಡು ವೈರನ್ನೇ ಬದಲಾಯಿಸಬೇಕು. ಪವರ್ ಪ್ಲಗ್ ಲೈನಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರಿಗಿಂತ ಕಡಿಮೆ ಬೇಡ. ಕೊನೆಗೆ ಮತ್ತೆ ಮೆಗ್ಗರ್.

ಈಗ ಡೈರೆಕ್ಟ್ ವಿಷಯ. ನ್ಯೂಟ್ರಲ್ ತಾನೇ, ಶಾಕ್ ಹೊಡೆಯುವುದಿಲ್ಲ, ತೆಗೆದರೆ ಏನಾಗುತ್ತದೆ ಅಂತ ನಿಮ್ಮ ಎಲೆಕ್ಟ್ರಿಷಿಯನ್ ಅಂದುಕೊಂಡಿರಬಹುದು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿಯುವುದು ನಮಗೆ ಹೊಸದಲ್ಲ. ಕಂಬದಿಂದ ಬರುವ ನ್ಯೂಟ್ರಲ್ ಮಾತ್ರ ಹರಿದು ಫೇಸ್ ಉಳಿಯಿತು ಅನ್ನಿ. ಮನೆಯೊಳಗೆ ಉರಿಯುತ್ತಿರುವ ಬಲ್ಬ್, ಫ್ರಿಜ್ ಮೂಲಕ ಫೇಸ್ ಬಂದು ನ್ಯೂಟ್ರಲ್ ವೈರಿನಲ್ಲಿ ನಿಲ್ಲುತ್ತದೆ. ನಿಮ್ಮ ನ್ಯೂಟ್ರಲ್ ಅರ್ಥ್‌ಗೆ ಅಂಟಿಕೊಂಡಿದೆಯಲ್ಲ, ಅಲ್ಲಿಂದ ಅದು ಅರ್ಥ್ ವೈರಿಗೆ ಹೋಗುತ್ತದೆ. ಅರ್ಥ್ ವೈರ್ ಎಲ್ಲಿದೆ? ಫ್ರಿಜ್ಜಿನ ಬಾಡಿಯಲ್ಲಿ, ವಾಷಿಂಗ್ ಮಷಿನ್ ಬಾಡಿಯಲ್ಲಿ, ಗೀಸರ್ ಟ್ಯಾಂಕಿನಲ್ಲಿ. ಅರ್ಥ್ ಗುಂಡಿ ಚೆನ್ನಾಗಿಲ್ಲದಿದ್ದರೆ ಒದ್ದೆ ಕಾಲಲ್ಲಿ ನಿಂತು ಅವನ್ನು ಮುಟ್ಟಿದವರ ಗತಿ ಯೋಚಿಸಿ. ಆರ್‌ಸಿಸಿಬಿ ಇದ್ದರೆ ಆ ಕ್ಷಣವೇ ಬೀಳುತ್ತದೆ. ಇದು ಬಿಡಿ, ಮಕ್ಕಳು ಹರಿದ ಚಾರ್ಜರ್ ವೈರ್ ಹಿಡಿಯುವುದು, ಬಚ್ಚಲಲ್ಲಿ ಹೀಟರ್ ರಾಡ್ ಇಡುವುದು, ಇವಕ್ಕೆಲ್ಲಾ ಇರುವ ಕಾವಲು ಅದೊಂದೇ.

30 ತೆಗೆದು 100 ಮಿಲಿ ಆಂಪಿಯರ್‌ನದ್ದು ಹಾಕೋಣ ಅಂತಲೂ ಕೆಲವರು ಹೇಳುತ್ತಾರೆ. ಟ್ರಿಪ್ ನಿಲ್ಲಬಹುದು. ಆದರೆ ಮನುಷ್ಯನ ಜೀವಕ್ಕೆ ಅಂತ ಇರುವುದು 30ರದ್ದು. 100, 300ರದ್ದು ವೈರಿಂಗಿಗೆ ಬೆಂಕಿ ಹತ್ತದ ಹಾಗೆ ಕಾಯುವುದಕ್ಕೆ.

ಖರ್ಚು ಮಾಡುವ ಮನಸ್ಸಿದ್ದರೆ ಅದನ್ನು ಬೇರೆ ಕಡೆ ಮಾಡಿ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಬದಲು ಎರಡು ಹಾಕಿಸಿ. ಒಳಗಿನ ಲೈಟ್, ಫ್ರಿಜ್ ಒಂದರಲ್ಲಿ, ಜಗಲಿ, ಬಚ್ಚಲು, ಗೀಸರ್, ಪಂಪ್ ಇನ್ನೊಂದರಲ್ಲಿ. ಎರಡರ ನ್ಯೂಟ್ರಲ್ ಲಿಂಕ್ ಬೇರೆ ಬೇರೆಯೇ ಇರಬೇಕು, ಕಲಸಿದರೆ ಎರಡೂ ಬೀಳುತ್ತವೆ. ಹೊರಗಿನ ಲೈನುಗಳಿಗೆ ಸಿಂಗಲ್ ಪೋಲ್ ಬದಲು ಡಬಲ್ ಪೋಲ್ ಎಂಸಿಬಿ ಹಾಕಿದರೆ ಇಳಿಸಿದಾಗ ನ್ಯೂಟ್ರಲ್ಲೂ ಕತ್ತರಿಸುತ್ತದೆ. ಆಮೇಲೆ ಇಂಥ ಫಾಲ್ಟ್ ಬಂದರೆ ನೀವೇ ಒಂದೊಂದು ಇಳಿಸಿ ಹುಡುಕಬಹುದು. ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ನಮ್ಮ ಥಂಡಿಗೆ ಒಳಗಿನ ಭಾಗ ಹಿಡಿದುಕೊಳ್ಳಬಹುದು. ಅದು ಬಿದ್ದರೆ ಆರ್‌ಸಿಸಿಬಿ ಸರಿ ಇದೆ ಅಂತ ಅರ್ಥ, ಅರ್ಥ್ ಗುಂಡಿ ಸರಿ ಇದೆ ಅಂತ ಅಲ್ಲ.

ಮೀಟರ್‌ಗಿಂತ ಆಚೆ, ಸರ್ವಿಸ್ ವೈರ್ ಮತ್ತು ಕಂಬದ ಕಡೆ ಯಾರೂ ಕೈಹಾಕಬೇಡಿ. ಮನೆಯ ಲೈಟುಗಳು ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಉರಿಯುತ್ತಿದ್ದರೆ ಅದು ಸಡಿಲ ನ್ಯೂಟ್ರಲ್ ಲಕ್ಷಣ, ಮೇನ್ ಇಳಿಸಿ ವಿದ್ಯುತ್ ಕಂಪನಿಯ ದೂರು ನಂಬರ್ 1912ಕ್ಕೆ ಫೋನ್ ಮಾಡಿ.

ಕೊನೆಗೆ, ವೈರ್‌ಮನ್ನನ್ನು ಬಿಸಿಲು ಬಂದ ದಿನ ಕರೆಸಬೇಡಿ. ಎರಡು ದಿನ ಮಳೆ ಬಿಟ್ಟರೆ ಪೆಟ್ಟಿಗೆಯೊಳಗಿನ ನೀರು ಆರುತ್ತದೆ, ಎಲ್ಲಾ ಸರಿ ಇದೆ ಅಂತ ಹೇಳಿ ಕಾಫಿ ಕುಡಿದು ಹೋಗುತ್ತಾರೆ. ಜೋರು ಮಳೆ ಇರುವಾಗಲೇ ಬರಲಿ. ಫೋನಿನಲ್ಲೇ ಮೆಗ್ಗರ್ ತನ್ನಿ, ನ್ಯೂಟ್ರಲ್ ಬಿಚ್ಚಿ ಅಳೆಯಬೇಕು ಅಂತ ಹೇಳಿಬಿಡಿ. ಅಟ್ಟಕ್ಕೆ ಏಣಿ, ಟಾರ್ಚ್ ತೆಗೆದಿಟ್ಟಿರಿ.